ಎಡಗಿವಿಯ ಷರತ್ತು

ಮಾರ್ಚ್ ತಿಂಗಳ ಮೊದಲ ಸೋಮವಾರ ತೂರ್ಗೈರ್ ನನ್ನ ಮೊಳೆಯಿಂದ ಡೈವಿಂಗಿನ ರಬ್ಬರ್ ಕುಲಾವಿ ತೆಗೆದು ಹಳೇ ಹಗ್ಗದ ಡಬ್ಬಿಗೆ ಹಾಕಿದ. ನಾನು ಎದುರಿಗೇ ನಿಂತಿದ್ದೆ.

‘ಲೋಮ್ವಿ’ ಬೋಟಿನ ಕ್ಯಾಬಿನ್ನಿನಲ್ಲಿ ಮೂರು ಮೊಳೆಗಳಿವೆ. ಒಂದು ತೂರ್ಗೈರ್‌ನದು. ಅವನು ನೀರಿಗಿಳಿಯುವುದನ್ನು ಬಿಟ್ಟು ಒಂಬತ್ತು ವರ್ಷವಾಗಿದೆ, ಆದರೂ ಅದರಲ್ಲಿ ಅವನ ಮಳೆಕೋಟು ತೂಗುತ್ತದೆ. ಇನ್ನೊಂದು ರೂಆರ್‌ನದು. ಮೂರನೆಯದು ಹನ್ನೊಂದು ವರ್ಷದಿಂದ ನನ್ನದು. ಫ್ರೋಯ ದ್ವೀಪದಲ್ಲಿ ಯಾರೂ ಕಾಗದದಲ್ಲಿ ಬರೆದುಕೊಂಡು ಬೋಟು ಹತ್ತುವುದಿಲ್ಲ. ಮೊಳೆ ಇದ್ದರೆ ಜಾಗ ಇದೆ. ಮೊಳೆಯ ಮೇಲೆ ಬೇರೆಯವರ ಸಾಮಾನು ಬಂದ ದಿನ ಜಾಗ ಹೋಯಿತು.

“ಪಕ್ಕದ ಹಿತ್ರಾ ದ್ವೀಪದಿಂದ ಒಬ್ಬ ಈ ಜಾಗಕ್ಕೆ ಫೋನ್ ಮಾಡ್ತಾನೇ ಇದ್ದಾನೆ,” ಎಂದ ತೂರ್ಗೈರ್. “ಎರಡು ಚಳಿಗಾಲ ನಿನಗೋಸ್ಕರ ಖಾಲಿ ಇಟ್ಟೆ, ಇಂಗ್ವಿಲ್. ಅಣ್ಣನ ಮಗಳು ಅಂತ ಇಟ್ಟೆ. ಇನ್ನು ಆಗಲ್ಲ.”

“ಡಾಕ್ಟರು ಇಳೀಬಹುದು ಅಂದಿದ್ದಾರೆ.”

“ಪೂರ್ತಿ ಹೇಳು.”

ಹೇಳಿದೆ. ಎಡಗಿವಿಯ ತಮಟೆಗೆ ಹಾಕಿದ ತೇಪೆ ಕೂಡಿಕೊಂಡಿದೆ. ಕಿವಿಗೆ ತಣ್ಣೀರು ತಾಗಕೂಡದು. ನೋವು ಶುರುವಾದ ಜಾಗದಲ್ಲೇ ನಿಲ್ಲಬೇಕು, ಸ್ವಲ್ಪ ಮೇಲೆ ಬರಬೇಕು, ಕಿವಿಯ ಒತ್ತಡ ಬಿಡಿಸಿಕೊಂಡ ಮೇಲಷ್ಟೇ ಮತ್ತೆ ಇಳಿಯಬೇಕು. ಶೀತ ಇದ್ದ ದಿನ ನೀರಿನ ಮಾತೇ ಎತ್ತಕೂಡದು.

ರೂಆರ್ ಹಲಗೆಯ ಮೇಲೆ ಕಾಲು ಚಾಚಿ ಕೂತು ಕಾಫಿ ಕುಡಿಯುತ್ತಿದ್ದ. “ಕಿವಿಗೆ ನೀರು ತಾಗದ ಹಾಗೆ, ನೋವಾಗದ ಹಾಗೆ, ಶೀತ ಇಲ್ಲದ ದಿನ ಮಾತ್ರ,” ಎಂದ. “ಅದಕ್ಕೆ ಬ್ಯಾಂಕಲ್ಲಿ ಕೆಲಸ ಅಂತಾರೆ.”

“ಗುರುವಾರ ಒಂದು ದಿನ ಕೊಡು,” ಎಂದೆ ತೂರ್ಗೈರ್‌ಗೆ. “ನಾನು ಇಳೀತೀನಿ. ನೀನೇ ಹಗ್ಗ ಹಿಡಿ. ಆಮೇಲೂ ಬೇಡ ಅನ್ನಿಸಿದರೆ ಆ ಮೊಳೆ ನಾನೇ ಕಿತ್ತು ನಿನ್ನ ಕೈಗೆ ಕೊಡ್ತೀನಿ.”

ಅವನು ಬಲಗಿವಿಯನ್ನು ನನ್ನ ಕಡೆ ತಿರುಗಿಸಿದ. ಮತ್ತೊಮ್ಮೆ ಹೇಳಿದೆ, ಜೋರಾಗಿ.

“ಗುರುವಾರ,” ಎಂದ. “ಒಂದೇ ದಿನ.”

ನಾನು ಡಬ್ಬಿಯಿಂದ ಕುಲಾವಿ ಎತ್ತಿಕೊಂಡು ಬೋಟಿನಿಂದಿಳಿದೆ.

ನಮ್ಮ ಬಂದರಿನಲ್ಲಿ ಐವತ್ತು ದಾಟಿದ ಗಂಡಸರೆಲ್ಲ ಒಂದು ಪಕ್ಕಕ್ಕೆ ತಿರುಗಿ ನಿಲ್ಲುತ್ತಾರೆ. ಅಂಗಡಿಯ ಸಾಲಿನಲ್ಲಿ, ಚರ್ಚಿನಲ್ಲಿ, ಪೆಟ್ರೋಲು ಹಾಕಿಸುವಲ್ಲಿ. ಯಾರ ಯಾವ ಕಿವಿ ಸತ್ತಿದೆ ಎಂದು ಎಲ್ಲರಿಗೂ ಗೊತ್ತು. ಬದುಕಿರುವ ಕಡೆ ಹೋಗಿ ಮಾತಾಡುತ್ತಾರೆ. ಕಾಫಿ ಮನೆಯ ಮೂಲೆ ಮೇಜಿನಲ್ಲಿ ಯಾರು ಎಲ್ಲಿ ಕೂರಬೇಕೆಂಬುದು ಅದರ ಮೇಲೇ ನಿರ್ಧಾರವಾಗಿದೆ. ಹೊರಗಿನವರು ಇದನ್ನು ಗಾಳಿಯ ದೇಶದ ಅಭ್ಯಾಸ ಎಂದುಕೊಳ್ಳುತ್ತಾರೆ. ಗಾಳಿಯಲ್ಲ. ಮೂವತ್ತು ವರ್ಷ ಸಮುದ್ರದ ತಳದಿಂದ ಬೀಸಣಿಗೆಯಂಥ, ತಿನ್ನುವ ಚಿಪ್ಪುಗಳನ್ನು ಕೈಯಲ್ಲಿ ಹೆಕ್ಕಿದ್ದು. ಇಳಿಯುವಾಗ ಕಿವಿ ಒತ್ತಿದರೆ ಇನ್ನೂ ಜೋರಾಗಿ ಊದು, ನೋವಾದರೆ ಹಲ್ಲು ಕಚ್ಚು, ತಲೆ ಕೆಳಗೆ ಮಾಡಿ ಕಲ್ಲಿನ ಹಾಗೆ ಬೀಳು, ಸಿಲಿಂಡರಿನ ಗಾಳಿ ದಾರಿಯಲ್ಲೇ ಖರ್ಚಾಗದಿರಲಿ: ನಮಗೆ ಕಲಿಸಿದ್ದು ಇಷ್ಟೇ.

ಇನ್ನೊಂದನ್ನು ಯಾರೂ ಬಾಯಿ ಬಿಟ್ಟು ಕಲಿಸುವುದಿಲ್ಲ, ನೋಡಿ ಕಲಿಯಬೇಕು. ಏಣಿ ಹತ್ತುವ ಮುಂಚೆ ಮಾಸ್ಕ್ ತೆಗೆದು ಒಂದು ಸಲ ಸಮುದ್ರದಲ್ಲಿ ಜಾಲಾಡಿಸಬೇಕು. ಮೂಗಿನಿಂದ ಬಂದ ರಕ್ತ ಹಗ್ಗ ಹಿಡಿದವನಿಗೆ ಕಾಣಕೂಡದು. ಹಗ್ಗ ಹಿಡಿದವನೂ ಆ ಕ್ಷಣದಲ್ಲಿ ಬೇರೆ ಕಡೆ ನೋಡುತ್ತಾನೆ, ಅವನೂ ಒಂದು ಕಾಲದಲ್ಲಿ ಜಾಲಾಡಿಸಿದವನೇ.

ಎರಡು ಚಳಿಗಾಲದ ಹಿಂದೆ ನನಗೆ ಶೀತ ಇತ್ತು. ಏಳು ಮೀಟರಿನಲ್ಲಿ ಎಡಗಿವಿ ಬಿಡಲಿಲ್ಲ. ನಾನು ನಿಂತೆ. ಮೇಲಿನಿಂದ ತೂರ್ಗೈರ್ ಹಗ್ಗವನ್ನು ಎರಡು ಸಲ ಎಳೆದ. ಒಂದು ಎಳೆತ ಎಂದರೆ ಚೆನ್ನಾಗಿದ್ದೀಯಾ. ಎರಡು ಎಂದರೆ ಇಳಿ. ನಾಲ್ಕು ಎಂದರೆ ಮೇಲೆ ಬಾ. ಅವನು ಎರಡು ಎಳೆದ, ನಾನು ಮೂಗು ಹಿಡಿದು ಊದಿ ಇಳಿದೆ. ಒಂಬತ್ತು ಮೀಟರಿನಲ್ಲಿ ತಲೆಯೊಳಗೆ ಒದ್ದೆ ಕಾಗದ ಹರಿದ ಸದ್ದು. ನೋವು ತಟ್ಟನೆ ನಿಂತಿತು. ಹಾಯೆನಿಸಿತು, ಅರ್ಧ ಕ್ಷಣ. ಆಮೇಲೆ ಆ ತೂತಿನಿಂದ ಐದು ಡಿಗ್ರಿ ನೀರು ತಲೆಯೊಳಕ್ಕೆ ಬಂತು, ಸಮುದ್ರ ಬುಗುರಿಯಾಯಿತು. ಮೇಲು ಯಾವುದು ಕೆಳಗೆ ಯಾವುದು ತಿಳಿಯದು. ನನ್ನದೇ ಗುಳ್ಳೆಗಳು ಪಕ್ಕಕ್ಕೆ ಹೋಗುತ್ತಿರುವಂತೆ ಕಂಡವು. ಲಂಗರಿನ ಹಗ್ಗವನ್ನು ತಬ್ಬಿಕೊಂಡು, ಬಾಯಿಯ ನಳಿಕೆಯೊಳಗೇ ಕಾರಿಕೊಂಡು, ಗುಳ್ಳೆಗಳನ್ನೇ ನಂಬಿ ಮೇಲೆ ಬಂದೆ.

ತೂರ್ಗೈರ್ ನನ್ನನ್ನು ಡೆಕ್ಕಿನ ಮೇಲೆ ಮಲಗಿಸಿ ಕಂಬಳಿ ಹೊದಿಸಿದ. ಕಾಫಿ ಕೊಟ್ಟ. ಅವನ ಮುಖದಲ್ಲಿ ಭಯವಿತ್ತು, ಅದರ ಹಿಂದೆ ಒಂದು ಬಗೆಯ ಸಮಾಧಾನವೂ ಇತ್ತು. “ಈಗ ನೀನು ನಮ್ಮವಳಾದೆ,” ಎಂದ, ಭುಜ ತಟ್ಟಿ.

ಅದಕ್ಕೆ ಮುಂಚೆ ಒಂಬತ್ತು ವರ್ಷ ಚಿಪ್ಪು ತಂದಿದ್ದೆ. ಆಗ ನಾನು ಯಾರವಳಾಗಿದ್ದೆನೋ.

ಮಂಗಳವಾರ ಸಮುದ್ರದಡಿಯ ಸುರಂಗ ದಾಟಿ ತ್ರೋಂಡ್‌ಹೈಮ್ ನಗರಕ್ಕೆ ಕಾರು ಓಡಿಸಿದೆ. ಆರ್ವಿಡ್‌ನ ಅಂಗಡಿ ಹಳೇ ಬಂದರಿನ ಹಿಂದಿದೆ. ಅವನು ಜೀವಮಾನದಲ್ಲಿ ಒಂದು ಸಲವೂ ನೀರಿಗೆ ಇಳಿದವನಲ್ಲ, ಮೂವತ್ತು ವರ್ಷದಿಂದ ಇಳಿಯುವವರಿಗೆ ಸಾಮಾನು ಮಾರುತ್ತಾನೆ. ಅದಕ್ಕೇ ಅವನ ಎರಡೂ ಕಿವಿ ನೆಟ್ಟಗಿವೆ.

“ಯಾವ ಕಿವಿ?” ಎಂದ, ನಾನು ಬಾಗಿಲು ತೆಗೆದ ಕೂಡಲೇ.

“ಎಡಗಡೇದು. ಯಾರು ಹೇಳಿದರು?”

“ಯಾರೂ ಹೇಳಬೇಕಾಗಿಲ್ಲ. ನೀನು ಬಲಗಿವಿ ಮುಂದೆ ಮಾಡಿಕೊಂಡು ಒಳಗೆ ಬಂದೆ.”

ಬೆಂಕಿ ತಾಗಿದಂತಾಯಿತು. ಮೂವತ್ತನಾಲ್ಕಕ್ಕೇ ನಾನೂ ಆ ಸಾಲಿಗೆ ಸೇರಿ ನಿಂತಿದ್ದೆ. ತಲೆ ನೇರ ಮಾಡಿಕೊಂಡೆ.

ಮೊದಲು ರಬ್ಬರಿನ ಕಿವಿಬಿರಡೆ ಕೇಳಿದೆ. ಅವನು ಕೊಡಲಿಲ್ಲ. “ಈಜುಕೊಳಕ್ಕೆ ಹೋಗ್ತೀಯಾ, ಈಗಲೇ ಕೊಡ್ತೀನಿ. ಆಳಕ್ಕೆ ಕೊಡಲ್ಲ. ಬಿರಡೆ ಹಿಂದೆ ಸಿಕ್ಕಿಕೊಂಡ ಗಾಳಿ ಎಲ್ಲಿಗೆ ಹೋಗುತ್ತೆ ಹೇಳು. ಅದು ಕುಗ್ಗುತ್ತೆ, ಸಮುದ್ರ ಬಿರಡೆಯನ್ನ ಒಳಕ್ಕೆ ತಳ್ಳುತ್ತೆ, ನಿನ್ನ ತಮಟೆ ತನಕ.”

“ತೂತು ಇರೋ ಬಿರಡೆ ಬಂದಿದೆಯಂತೆ.”

“ಬಂದಿದೆ. ತೂತಿನಲ್ಲಿ ನೀರು ನಿಧಾನವಾಗಿ ಬರುತ್ತೆ. ನಿಧಾನವಾಗಿ ಬಂದ ತಣ್ಣೀರೂ ತಣ್ಣೀರೇ. ನಿನ್ನ ಡಾಕ್ಟರು ಏನಂದಿದ್ದಾರೆ?”

“ತಾಗಲೇಬಾರದು.”

ಅವನು ಇಡೀ ಮುಖ ಮುಚ್ಚುವ ಮಾಸ್ಕ್ ತಂದಿಟ್ಟ. ಒಳಗೆ ಬೆಚ್ಚಗಿತ್ತು, ಕಿಟಕಿಯ ಹಿಂದೆ ಕೂತ ಹಾಗಿತ್ತು. ಆದರೆ ಅದರಲ್ಲಿ ಮೂಗನ್ನು ಬೆರಳಿನಿಂದ ಹಿಡಿಯಲಾಗದು, ಒಳಗಿನ ಒಂದು ದಿಂಡಿಗೆ ಮೂಗು ಒತ್ತಿಕೊಂಡು ಊದಬೇಕು. ನನ್ನ ಮೂಗು ಆ ದಿಂಡಿಗೆ ಎಟುಕಲಿಲ್ಲ. ಮುಖ ಮುಚ್ಚಿದರೂ ಕಿವಿಗಳು ಹೊರಗೇ ಉಳಿದವು. ಬದಿಗಿಟ್ಟೆ.

ಮೂರನೆಯದನ್ನು ಅವನು ಒಳಗಿನ ಕೋಣೆಯಿಂದ ತಂದ. ಸಾಧಾರಣ ಮಾಸ್ಕೇ, ಆದರೆ ಅದರ ಎರಡು ಪಕ್ಕಗಳಿಂದ ಒಂದೊಂದು ಕೊಳವೆ ಹೊರಟಿತ್ತು, ಕೊಳವೆಯ ತುದಿಯಲ್ಲಿ ಇಡೀ ಕಿವಿಯನ್ನು ಮುಚ್ಚುವ ಮೆತ್ತನೆಯ ಬಟ್ಟಲು. ಮೂಗಿನಿಂದ ಬಿಟ್ಟ ಗಾಳಿ ಮಾಸ್ಕಿನಿಂದ ಬಟ್ಟಲಿಗೂ ಹೋಗುತ್ತದೆ. ಸಮುದ್ರ ಹೊರಗಿನಿಂದ ಒತ್ತಿದಷ್ಟೂ ಬಟ್ಟಲೊಳಗೆ ಗಾಳಿ ಎದುರು ನಿಲ್ಲುತ್ತದೆ. ಕಿವಿ ಒಣಗಿರುತ್ತದೆ.

“ಇದನ್ನ ಯಾರು ಕೊಳ್ತಾರೆ?”

“ಬೇಸಿಗೆಯಲ್ಲಿ ಬರೋ ಜರ್ಮನ್ನರು.” ಆರ್ವಿಡ್ ನಗಲಿಲ್ಲ. “ನಿಮ್ಮ ಕಡೆಯವರು ಇದನ್ನ ನೋಡಿ ನಕ್ಕು, ಸೂಟಿಗೆ ಹಚ್ಚೋ ಅಂಟು ತಗೊಂಡು ಹೋಗ್ತಾರೆ. ಒಂದು ಮಾತು ಕೇಳು. ಇದು ಔಷಧಿ ಅಲ್ಲ. ಕಿವಿಯ ಹೊರಗಡೆಯನ್ನ ಇದು ನೋಡಿಕೊಳ್ಳುತ್ತೆ. ತಮಟೆಯ ಹಿಂದಿನ ಒತ್ತಡ ನೀನೇ ಬಿಡಿಸಿಕೋಬೇಕು, ಮೊದಲಿನ ಹಾಗೇ. ಇದನ್ನ ಹಾಕ್ಕೊಂಡು ಕಲ್ಲಿನ ಹಾಗೆ ಬಿದ್ದರೆ ಇದೂ ನಿನ್ನನ್ನ ಕಾಯಲ್ಲ.”

ಅವನು ಬಕೆಟ್ಟಿನಲ್ಲಿ ನೀರು ತಂದಿಟ್ಟ. ನನ್ನ ಮೂರು ಬೆರಳಿನ ದಪ್ಪ ಕೈಗವಸುಗಳನ್ನು ಒದ್ದೆ ಮಾಡಿಕೊಂಡು, ಹಾಕಿಕೊಂಡು, ಮಾಸ್ಕಿನ ಮೂಗು ಹಿಡಿದು ನೋಡಿದೆ. ಮೊದಲ ಅಳತೆಯದು ಬಿರುಸಾಗಿತ್ತು, ಜಾರಿತು. ಎರಡನೆಯದರ ಮೂಗು ಮೆತ್ತಗಿತ್ತು, ಗವಸಿನೊಳಗಿಂದಲೂ ಸಿಕ್ಕಿತು. ಪಟ್ಟಿ ಕಟ್ಟದೆ ಮುಖಕ್ಕೆ ಒತ್ತಿ ಮೂಗಿನಿಂದ ಉಸಿರೆಳೆದೆ, ಮಾಸ್ಕ್ ಹಿಡಿದುಕೊಂಡಿತು. ಬಟ್ಟಲುಗಳು ಮಾತ್ರ ಹಿಡಿಯಲಿಲ್ಲ.

“ಕೂದಲು,” ಎಂದ ಆರ್ವಿಡ್. “ಒಂದು ಎಳೆ ಸಿಕ್ಕಿಕೊಂಡರೂ ನೀರಿಗೆ ದಾರಿ.”

“ಕುಲಾವಿ?”

“ಅಂಚಿನ ಕೆಳಗೆ ಬಂದರೆ ಸೋರುತ್ತೆ. ಮೇಲೆ ಎಳೆದುಕೊಂಡರೆ ಬಟ್ಟಲನ್ನ ಅಮುಕಿ ಗಾಳಿ ನಿಲ್ಲಿಸುತ್ತೆ. ಕಿವಿ ಇರೋ ಜಾಗ ಎರಡೂ ಕಡೆ ಕತ್ತರಿಸಿಬಿಡು.”

“ಐದು ಡಿಗ್ರಿ ನೀರಿಗೆ, ತೂತು ಕುಲಾವಿ.”

“ತಲೆಗೆ ಚಳಿ ಆಗುತ್ತೆ,” ಎಂದ. “ಕಿವಿಗೆ ಆಗಲ್ಲ. ಯಾವುದು ಬೇಕೋ ತಗೋ.”

ಆ ಸಂಜೆ ಬಚ್ಚಲುಮನೆಯ ಕನ್ನಡಿಯ ಮುಂದೆ ನಿಂತು ಕಿವಿಗಳ ಸುತ್ತ ನಾಲ್ಕು ಬೆರಳಗಲ ಕೂದಲು ಬೋಳಿಸಿದೆ. ಆಮೇಲೆ ಕುಲಾವಿಯನ್ನು ಅಡುಗೆಮನೆಯ ಹಲಗೆಯ ಮೇಲಿಟ್ಟು ಚಾಕುವಿನಲ್ಲಿ ಎರಡು ದುಂಡನೆಯ ತೂತು ತೆಗೆದೆ. ಹನ್ನೊಂದು ವರ್ಷದ ಕುಲಾವಿ. ಅದರ ಎಡಗಡೆ ಒಳಮೈಯಲ್ಲಿ ಆ ದಿನದ ಕಂದು ಕಲೆ ಇನ್ನೂ ಇತ್ತು. ಕತ್ತರಿಸಿದ ಚೂರಿನಲ್ಲಿ ಅದೂ ಹೋಯಿತು.

ಗುರುವಾರ ಬೆಳಿಗ್ಗೆ ಗಾಳಿ ಕಡಿಮೆ ಇತ್ತು. ಮೂವರೂ ಹೊರಗಿನ ನಡುಗಡ್ಡೆಗಳ ಕಡೆಗೆ ಹೋದೆವು. ಹದಿನೈದು ಮೀಟರು ಆಳ, ಕೆಳಗೆ ಚಿಪ್ಪುಪುಡಿಯ ಮರಳು, ಒಳ್ಳೆಯ ಜಾಗ. ರೂಆರ್ ದಾರಿಯುದ್ದಕ್ಕೂ ಮೂಗಿಗೆ ಸ್ಪ್ರೇ ಹೊಡೆದುಕೊಳ್ಳುತ್ತಿದ್ದ. ಅವನಿಗೆ ವಾರದಿಂದ ಶೀತ.

ಅವನೇ ಮೊದಲು ಇಳಿದ. ನಮ್ಮ ಬೋಟುಗಳಲ್ಲಿ ಒಂದು ಕ್ರಮವಿದೆ: ಇಳಿಯುವವನು ಅಂಚಿನಲ್ಲಿ ಕೂರುತ್ತಾನೆ, ಉಳಿದವರಲ್ಲಿ ಒಬ್ಬರು ಕೆಟಲ್ ತಂದು ಅವನ ಕೈಗವಸುಗಳಿಗೆ, ಆಮೇಲೆ ಕುಲಾವಿಯ ಕತ್ತಿನಿಂದ ತಲೆಗೆ ಬಿಸಿನೀರು ಸುರಿಯುತ್ತಾರೆ. ತಣ್ಣೀರು ಒಳಗೆ ನುಗ್ಗುವ ಮುಂಚೆ ಬಿಸಿನೀರು ಜಾಗ ಹಿಡಿದಿರುತ್ತದೆ. ಮಾತಿಲ್ಲದೆ ನಡೆಯುವ ಕೆಲಸ. ಹಿಂದಿನ ದಿನ ಜಗಳವಾಡಿದವನಿಗೂ ಸುರಿಯಬೇಕು, ಅವನೂ ತಲೆ ಬಗ್ಗಿಸಬೇಕು. ನಾನು ರೂಆರ್‌ಗೆ ಸುರಿದೆ.

“ನಿನ್ನ ಕೈಯಲ್ಲಿ ಕೊನೇ ಸಲ,” ಎಂದ. ಕಣ್ಣು ಮಿಟುಕಿಸಿ ಹಿಂದಕ್ಕೆ ಉರುಳಿ ತಲೆ ಕೆಳಗಾಗಿ ಹೋದ.

ಮುಕ್ಕಾಲು ಗಂಟೆಯ ಮೇಲೆ ಏಣಿಯ ಬಳಿ ಬಂದ. ನಾನು ಸೂಟು ಹಾಕಿಕೊಂಡು ಅಂಚಿನಲ್ಲೇ ಕೂತಿದ್ದೆ. ತೂರ್ಗೈರ್ ಅಭ್ಯಾಸದಂತೆ ಆಕಾಶ ನೋಡಿದ. ರೂಆರ್ ಮಾಸ್ಕ್ ತೆಗೆದ, ಅದರ ತಳದಲ್ಲಿ ಕೆಂಪು ಲಿಂಗನ್‌ಬೆರಿ ಹಣ್ಣಿನ ರಸದಂಥದ್ದು ಎರಡು ಚಮಚದಷ್ಟು ಇತ್ತು. ಜಾಲಾಡಿಸಿದ. ತಲೆಯೆತ್ತಿದಾಗ ನನ್ನನ್ನು ಕಂಡ. ಸ್ಪ್ರೇಯ ಬಲ ಕೆಳಗೇ ಮುಗಿದಿರಬೇಕು, ಬರುವ ದಾರಿಯಲ್ಲಿ ಮೂಗಿನ ಮೂಳೆಗಳೊಳಗೆ ಏನೋ ಬಿರಿದಿರಬೇಕು.

ಅವನ ಬಲೆಚೀಲದಲ್ಲಿ ನೂರ ಇಪ್ಪತ್ತು ಚಿಪ್ಪು.

ನಾನು ಮಾಸ್ಕ್ ಹಾಕಿಕೊಂಡೆ. ಬಟ್ಟಲುಗಳನ್ನು ಬೋಳು ಚರ್ಮದ ಮೇಲೆ ಕೂರಿಸಿ, ಅಂಚಿನ ಸುತ್ತ ಬೆರಳಾಡಿಸಿ, ತೂತು ಕುಲಾವಿಯನ್ನು ಸರಿಮಾಡಿಕೊಂಡೆ.

“ಅಯ್ಯೋ ದೇವರೇ,” ಎಂದ ರೂಆರ್. ಈಗ ಅವನ ದನಿ ಬೇಕಾದ್ದಕ್ಕಿಂತ ದೊಡ್ಡದಾಗಿತ್ತು. “ಯಾವ ರೇಡಿಯೋ ಸ್ಟೇಷನ್ ಬರ್ತಿದೆ? ಹವಾಮಾನ ಹಾಕು, ನಾವೂ ಕೇಳ್ತೀವಿ.”

“ನಿನ್ನ ಬಗ್ಗೆನೇ ಬರ್ತಿದೆ,” ಎಂದೆ. “ಬೆಳಿಗ್ಗೆಯಿಂದ ಅದೇ ಸುದ್ದಿ.”

ತೂರ್ಗೈರ್ ಕೆಟಲ್ ಹಿಡಿದು ಬಂದ. ನನ್ನ ಕೈಗವಸುಗಳಿಗೆ ಸುರಿದ. ಕುಲಾವಿಯ ಕತ್ತು ಎಳೆಯಲು ಕೈ ಹಾಕಿದ.

“ತಲೆಗೆ ಬೇಡ.”

ಅವನು ನಿಂತ. ಕೆಟಲಿನ ಮೂತಿಯಿಂದ ಹಬೆ ನಮ್ಮಿಬ್ಬರ ನಡುವೆ ಏಳುತ್ತಿತ್ತು. “ಏನಂದೆ?”

“ತಲೆಗೆ ಬೇಡ ಅಂದೆ. ನೀರು ಬಟ್ಟಲಿನ ಒಳಗೆ ಹೋದರೆ ಒಂದು ಕಿವಿ ಬಿಸಿ, ಒಂದು ತಣ್ಣಗೆ. ಮತ್ತೆ ಬುಗುರಿ.”

“ನಾನು ನಿಮ್ಮಪ್ಪನಿಗೆ ಸುರಿದಿದ್ದೀನಿ. ನಿಮ್ಮಪ್ಪ ನನಗೆ ಸುರಿದಿದ್ದಾನೆ. ಈ ಬೋಟಿನಲ್ಲಿ ಬೇಡ ಅಂದವರು ಯಾರೂ ಇಲ್ಲ.”

“ಇದ್ದಾರೆ ಈಗ.”

ತೂರ್ಗೈರ್ ಕೆಟಲಿನ ಉಳಿದ ನೀರನ್ನು ಸಮುದ್ರಕ್ಕೆ ಚೆಲ್ಲಿದ. ಅವನ ಕೈಯಲ್ಲಿ ಸಿಟ್ಟಿತ್ತು. ಹಗ್ಗವನ್ನು ನನ್ನ ಸೊಂಟಕ್ಕೆ ಕಟ್ಟುವಾಗ ಗಂಟು ಎಳೆದ ಬಗೆಯಲ್ಲೂ ಇತ್ತು.

ನಾನು ಉರುಳಲಿಲ್ಲ. ಏಣಿ ಇಳಿದು, ಲಂಗರಿನ ಹಗ್ಗ ಹಿಡಿದು, ಕಾಲು ಕೆಳಗೆ ಮಾಡಿ, ಮುದುಕಿ ಮಹಡಿ ಮೆಟ್ಟಿಲು ಇಳಿಯುವಂತೆ ಇಳಿದೆ. ಒಂದು ಮೊಳ, ಮೂಗು ಹಿಡಿದು ಮೆಲ್ಲಗೆ ಒಂದು ಊದು, ಒಂದು ಗುಟುಕು ನುಂಗು. ಒಂದು ಮೊಳ, ಮತ್ತೆ. ನೋವು ಬಂದ ಮೇಲೆ ಊದುವುದಲ್ಲ, ಬರುವ ಮುಂಚೆ. ತಲೆಯ ಎರಡು ಪಕ್ಕಗಳಲ್ಲಿ ಚಳಿ ಕಚ್ಚಿತು, ಕುಲಾವಿಯ ತೂತಿನ ಸುತ್ತ ನಾಣ್ಯದಂಚಿನಷ್ಟು ಅಗಲಕ್ಕೆ. ಬಟ್ಟಲುಗಳ ಒಳಗೆ ಮಾತ್ರ ಸಮುದ್ರವಿರಲಿಲ್ಲ. ನನ್ನದೇ ಉಸಿರಿನ ಸದ್ದು, ಖಾಲಿ ಕೋಣೆಯಲ್ಲಿ ಯಾರೋ ನಡೆದ ಹಾಗೆ.

ನಾಲ್ಕು ಮೀಟರು. ಐದು. ಆರರಲ್ಲಿ ಎಡಗಿವಿ ನಿಂತಿತು.

ಊದಿದೆ. ಬಲಗಡೆ ಬಿಟ್ಟಿತು, ಎಡಗಡೆ ಬಿಡಲಿಲ್ಲ. ತೇಪೆ ಇರುವ ಜಾಗದಲ್ಲಿ ಹೆಬ್ಬೆರಳಿಟ್ಟು ಒತ್ತಿದಂತೆ. ನೋವು ಎನ್ನುವಂಥದ್ದಲ್ಲ, ಅದರ ಹಿಂದಿನ ಮೆಟ್ಟಿಲು. ನಾನು ಎರಡು ಮೀಟರು ಮೇಲೆ ಬಂದೆ.

ಹಗ್ಗ ಎರಡು ಸಲ ಎಳೆಯಿತು. ಇಳಿ.

ನಾನು ಒಂದು ಸಲ ಎಳೆದೆ. ಚೆನ್ನಾಗಿದ್ದೀನಿ.

ದವಡೆ ಅತ್ತಿತ್ತ ಆಡಿಸಿದೆ. ಕತ್ತನ್ನು ಬಲಕ್ಕೆ ವಾಲಿಸಿ ಎಡಗಿವಿ ಮೇಲೆ ಬರುವಂತೆ ಮಾಡಿ ನುಂಗಿದೆ. ಏನೂ ಇಲ್ಲ. ಒಂದು ಚಿಕ್ಕ ಪೊಲಾಕ್ ಮೀನು ಮಾಸ್ಕಿನ ಎದುರು ಬಂದು, ನನ್ನ ಬಟ್ಟಲುಗಳನ್ನು ನೋಡಿ, ಅದಕ್ಕೂ ಅರ್ಥವಾಗದೆ ಹೋಯಿತು.

ಎರಡು ಎಳೆತ. ಈ ಸಲ ಜೋರಾಗಿ, ಸೊಂಟ ಅಲುಗುವಷ್ಟು.

ಒಂದು ಎಳೆತ.

ಮೇಲೆ ಅವನ ಗಡಿಯಾರ ಓಡುತ್ತಿದೆ. ಹಿತ್ರಾದವನು ಇಷ್ಟು ಹೊತ್ತಿಗೆ ತಳದಲ್ಲಿ ಇಪ್ಪತ್ತು ಚಿಪ್ಪು ಹೆಕ್ಕಿರುತ್ತಿದ್ದ. ಮೂಗು ಬಿಗಿಯಾಗಿ ಹಿಡಿದು ಒಂದೇ ಸಲ ಊದಿದರೆ ಬಿಡುತ್ತದೆ, ಬಹುಶಃ. ನನ್ನ ಕೈ ಮೂಗಿನ ಮೇಲೇ ಇತ್ತು. ಕೈಗೆ ಒಂಬತ್ತು ವರ್ಷದ ಅಭ್ಯಾಸ. ಕೈ ಕೆಳಗಿಳಿಸಿದೆ. ಈ ಮೊಳೆ ಹೋಗುವುದಾದರೆ ಹೋಗಲಿ, ಕಿವಿ ಕೊಟ್ಟು ಅದನ್ನು ಉಳಿಸಿಕೊಳ್ಳುವುದಿಲ್ಲ. ಒಂದು ಸಲ ಕೊಟ್ಟಿದ್ದೆ, ಅದಕ್ಕೆ ಸಿಕ್ಕಿದ್ದು ಭುಜದ ಮೇಲೊಂದು ತಟ್ಟು.

ಎರಡು ಎಳೆತ.

ಒಂದು.

ಅವನು ನಾಲ್ಕು ಎಳೆದಿದ್ದರೆ ಬರಲೇಬೇಕಿತ್ತು. ಅದಕ್ಕೆ ಎದುರು ಮಾತಿಲ್ಲ. ನಾನು ಹಗ್ಗ ನೋಡುತ್ತ ಕಾದೆ. ಅದು ಅಲುಗಲಿಲ್ಲ.

ಆಮೇಲೆ, ಏನೂ ಮಾಡದಿರುವಾಗ, ಎಡಗಿವಿಯೊಳಗೆ ಕುಕ್ಕರಿನ ತೂಕ ಸರಿದಂತೆ ಚಿಕ್ಕದೊಂದು ‘ಟಿಸ್’. ಹೆಬ್ಬೆರಳು ತೆಗೆದಂತೆ. ಒಂದು ಮೊಳ ಇಳಿದೆ, ಒಂದು ಗುಟುಕು ನುಂಗಿದೆ. ಎರಡೂ ಬಿಟ್ಟವು. ಮತ್ತೊಂದು ಮೊಳ.

ತಳ ಮುಟ್ಟಲು ಹದಿಮೂರು ನಿಮಿಷ. ರೂಆರ್‌ಗೆ ಒಂದೂವರೆ ನಿಮಿಷ ಸಾಕು. ಮರಳಿನಲ್ಲಿ ಅರ್ಧ ಹೂತ ಚಿಪ್ಪುಗಳು ನನ್ನ ಟಾರ್ಚಿನ ಬೆಳಕಿಗೆ ಬಾಯಿ ಮುಚ್ಚಿಕೊಂಡವು. ಎರಡು ವರ್ಷದ ಮೇಲೆ ಮೊದಲನೆಯದನ್ನು ಕೈಯಲ್ಲಿ ಹಿಡಿದಾಗ ಅದು ಗವಸಿನೊಳಗೆ ಒಮ್ಮೆ ಒದ್ದುಕೊಂಡಿತು. ಹೆಕ್ಕತೊಡಗಿದೆ. ಗಾಳಿ ಮುಗಿಯುವ ತನಕ ಅಲ್ಲ, ಮೇಲೆ ಹೋಗಲೂ ಅಷ್ಟೇ ನಿಧಾನ ಬೇಕು ಎಂದು ಲೆಕ್ಕ ಹಾಕಿ, ಅದಕ್ಕೆ ಬೇಕಾದಷ್ಟು ಉಳಿಸಿ.

ಏಣಿಯ ಬಳಿ ತಲೆಯೆತ್ತಿದಾಗ ತೂರ್ಗೈರ್ ಆಕಾಶ ನೋಡುತ್ತಿದ್ದ. ನನಗೆ ಜಾಲಾಡಿಸಲು ಸಮಯ ಕೊಡುತ್ತಿದ್ದ.

ನಾನು ಮಾಸ್ಕ್ ಹಾಕಿಕೊಂಡೇ ಏಣಿ ಹತ್ತಿದೆ. ಡೆಕ್ಕಿನ ಮೇಲೆ ಅವನ ಎದುರು ಹೋಗಿ ನಿಂತೆ.

“ನೋಡು,” ಎಂದೆ.

ಅವನು ನೋಡಲಿಲ್ಲ.

“ತೂರ್ಗೈರ್. ನನ್ನ ಕಡೆ ನೋಡು.”

ಅವನು ತಿರುಗಿದ. ನಾನು ಮಾಸ್ಕ್ ಮೆಲ್ಲಗೆ ತೆಗೆದು ಅವನ ಕೈಗಿತ್ತೆ. ಅವನು ಗಾಜು ನೋಡಿದ, ಮೂಗಿನ ಜಾಗ ನೋಡಿದ. ಎಡಗಡೆಯ ಬಟ್ಟಲನ್ನು ಮಗುಚಿ, ಒರಟು ತೋರುಬೆರಳನ್ನು ಒಳಗೆ ಹಾಕಿ ಸುತ್ತ ಆಡಿಸಿದ. ಬೆರಳನ್ನು ಬೆಳಕಿಗೆ ಹಿಡಿದ. ಹೆಬ್ಬೆರಳಿಗೆ ಉಜ್ಜಿದ.

“ಒಣಗಿದೆ,” ಎಂದ, ತನಗೇ ಹೇಳಿಕೊಳ್ಳುವಂತೆ.

ರೂಆರ್ ನನ್ನ ಚೀಲ ಸುರಿದು ಎಣಿಸಿ ಮುಗಿಸಿದ್ದ. “ಐವತ್ತೆಂಟು,” ಎಂದ. “ನಕ್ಷತ್ರಮೀನು ಕೂಡ ಇದಕ್ಕಿಂತ ಜಾಸ್ತಿ ಹಿಡಿಯುತ್ತೆ, ಅದಕ್ಕೆ ಕೈಗವಸೂ ಇಲ್ಲ.”

ತೂರ್ಗೈರ್ ಮಾಸ್ಕನ್ನು ಪೆಟ್ಟಿಗೆಯ ಮೇಲಿಟ್ಟ. “ಐವತ್ತೆಂಟರಲ್ಲಿ ಬೋಟು ನಡೆಯಲ್ಲ, ಮಗಳೇ,” ಎಂದ. ಮೆತ್ತಗೆ ಹೇಳಿದ, ಅದಕ್ಕೇ ನಾಟಿತು. ಸಿಟ್ಟು ಇಳಿದುಹೋಗಿತ್ತು. ತೀರ್ಮಾನವಾದ ದನಿ ಅದು.

“ದಿನ ಮುಗಿದಿಲ್ಲ,” ಎಂದೆ. “ಗುರುವಾರ ಅಂದಿದ್ದು. ಒಂದು ಸಲ ಇಳಿಯೋದು ಅಂತಲ್ಲ.”

ಮತ್ತೆ ಇಳಿಯುವ ಮುಂಚೆ ಕಾಯಬೇಕಾದಷ್ಟು ಹೊತ್ತು ಕಾದೆವು. ಒಣ ರೊಟ್ಟಿಯ ಮೇಲೆ ಕಂದು ಚೀಸ್ ಹೆರೆದು ತಿಂದೆವು, ಕಾಫಿ ಕುಡಿದೆವು. ತೂರ್ಗೈರ್ ಫೋನ್ ಹೊರತೆಗೆದು, ಏನೋ ನೋಡಿ, ಮತ್ತೆ ಜೇಬಿಗೆ ಹಾಕಿದ. ರೂಆರ್ ಎರಡು ಸಲ ಮೂಗಿಗೆ ಸ್ಪ್ರೇ ಹೊಡೆದುಕೊಂಡ. ಹುಬ್ಬಿನ ಮೇಲೆ ಬೆರಳಿಟ್ಟು ಒತ್ತಿಕೊಂಡ. ಒಂದೂವರೆ ಗಂಟೆಯ ಮೇಲೆ ತೂರ್ಗೈರ್ ಗ್ಯಾಸ್ ಹೊತ್ತಿಸಿ ಕೆಟಲ್ ಇಟ್ಟು “ರೂಆರ್” ಎಂದ.

ರೂಆರ್ ಅಲುಗಲಿಲ್ಲ.

“ರೂಆರ್. ನಿನ್ನ ಸರದಿ.”

“ಇವತ್ತು ಸಾಕು.”

“ಯಾಕೆ?”

ರೂಆರ್ ನನ್ನ ಕಡೆ ನೋಡಿದ. ಹೇಳಬೇಕಾದ್ದು ಅವನದು. ಅವನು ಕಾಫಿ ಲೋಟದ ತಳ ನೋಡಿದ. “ಕಣ್ಣಿನ ಹಿಂದೆ ಮೊಳೆ ಹೊಡೆದ ಹಾಗಿದೆ,” ಎಂದ ಕೊನೆಗೆ. “ಬೆಳಿಗ್ಗೆ ರಕ್ತ ಬಂತು.”

ಹನ್ನೊಂದು ವರ್ಷದಲ್ಲಿ ಆ ಬೋಟಿನ ಮೇಲೆ ಯಾರೂ ಆ ಮಾತು ಆಡಿದ್ದನ್ನು ನಾನು ಕೇಳಿರಲಿಲ್ಲ. ತೂರ್ಗೈರ್‌ಗೆ ಕೇಳಿಸಲಿಲ್ಲವೇನೋ ಅಂದುಕೊಂಡೆ, ರೂಆರ್ ಅವನ ಎಡಕ್ಕೆ ಕೂತಿದ್ದ. ಕೇಳಿಸಿತ್ತು. ಅವನು ಕಿಟಕಿಯ ಕಡೆ ತಿರುಗಿದ. ಕೆಟಲ್ ಹಬೆಯಾಡತೊಡಗಿತು.

“ಎಷ್ಟು ದಿನದಿಂದ?”

“ಶನಿವಾರದಿಂದ.”

“ಐದು ದಿನ ಜಾಲಾಡಿಸ್ತಾ ಇದ್ದೀಯ.”

“ನೀನು ಆಕಾಶ ನೋಡ್ತಾ ಇದ್ದೀಯ,” ಎಂದ ರೂಆರ್.

ನಾನು ಎದ್ದು ಮಾಸ್ಕ್ ತೆಗೆದುಕೊಂಡೆ. “ನನಗೆ ಎಲ್ಲೂ ನೋವಿಲ್ಲ,” ಎಂದೆ. “ನಾನು ಇಳೀತೀನಿ. ನಾಳೆಯೂ ಇಳೀತೀನಿ, ಶನಿವಾರವೂ ಇಳೀತೀನಿ. ಇವನು ಯಾವಾಗ ಇಳೀತಾನೆ ಕೇಳು. ಹಿತ್ರಾದವನು ಎಷ್ಟು ವರ್ಷ ಇಳೀತಾನೆ ಅವನನ್ನೂ ಕೇಳು.”

ಮಾಸ್ಕ್, ಕುಲಾವಿ ಹಾಕಿಕೊಂಡೆ. ಅಂಚಿಗೆ ಹೋಗಿ ಕೂತೆ. ತೂರ್ಗೈರ್ ಕೆಟಲ್ ಹಿಡಿದು ಬಂದ. ಬಲಗೈ ಗವಸಿಗೆ ಸುರಿದ, ಎಡಗೈ ಗವಸಿಗೆ ಸುರಿದ. ಕೆಟಲ್ ನನ್ನ ಕುತ್ತಿಗೆಯ ಹತ್ತಿರ ಬಂತು. ಹಳೇ ಕೈ, ಹಳೇ ದಾರಿ. ಅಲ್ಲಿ ನಿಂತಿತು. ಅವನು ಅದನ್ನು ಕೆಳಗಿಟ್ಟು, ನನ್ನ ಕುಲಾವಿಯ ತೂತಿನ ಅಂಚು ಬಟ್ಟಲಿನ ಕೆಳಗೆ ಒಂದೆಡೆ ಸಿಕ್ಕಿಕೊಂಡಿದ್ದನ್ನು ಬೆರಳಿನಿಂದ ಬಿಡಿಸಿದ. ಅದು ನನ್ನ ಗಮನಕ್ಕೆ ಬಂದಿರಲಿಲ್ಲ. ಹಾಗೇ ಇಳಿದಿದ್ದರೆ ಸೋರುತ್ತಿತ್ತು.

ಎರಡನೇ ಸಲ ತಳ ಮುಟ್ಟಲು ಹನ್ನೊಂದು ನಿಮಿಷ. ಐದರಲ್ಲೊಮ್ಮೆ, ಎಂಟರಲ್ಲೊಮ್ಮೆ ನಿಂತೆ. ಹಗ್ಗ ಎರಡು ಸಲ ಎಳೆಯಲಿಲ್ಲ. ಆಗಾಗ ಒಂದು ಎಳೆತ ಬಂತು, ಚೆನ್ನಾಗಿದ್ದೀಯಾ. ಒಂದು ಎಳೆತ ಕೊಟ್ಟೆ.

ಅರವತ್ತು ಚಿಪ್ಪು. ರೂಆರ್ ಎಣಿಸಿದ, ಇನ್ನೊಮ್ಮೆ ಎಣಿಸಿದ. ನನ್ನ ಎರಡೂ ಸೇರಿ ನೂರ ಹದಿನೆಂಟು.

“ಎರಡು ಕಡಿಮೆ,” ಎಂದ. “ನಾನೇ ಗೆದ್ದೆ.” ಮೂಗಿಗೆ ಬಟ್ಟೆ ಒತ್ತಿಕೊಂಡಿದ್ದರಿಂದ ಅವನ ಮಾತು ಗುಂಯ್‌ಗುಟ್ಟಿತು.

“ಗೆದ್ದಿದ್ದೀಯ,” ಎಂದೆ. “ನಾಳೆ ಮತ್ತೆ ಗೆಲ್ಲು.”

ಬಂದರಿಗೆ ಹಿಂತಿರುಗುವಾಗ ತೂರ್ಗೈರ್ ಚುಕ್ಕಾಣಿ ಹಿಡಿದಿದ್ದ. ಬೋಟು ಕಟ್ಟಿದ ಮೇಲೆ ನಾನು ಮಾಸ್ಕನ್ನು ಸಿಹಿನೀರಿನಲ್ಲಿ ತೊಳೆದೆ, ಕೊಳವೆಗಳನ್ನು ಊದಿ ಒಣಗಿಸಿದೆ. ಕ್ಯಾಬಿನ್ನಿಗೆ ಹೋಗಿ ಖಾಲಿ ಮೊಳೆಗೆ ತೂಗುಹಾಕಿದೆ. ಮೇಲೆ ಕುಲಾವಿ.

“ಯಾರು ಹೇಳಿದ್ದು ಹಾಕು ಅಂತ?” ತೂರ್ಗೈರ್ ಬಾಗಿಲಲ್ಲಿ ನಿಂತಿದ್ದ.

“ಯಾರೂ ಹೇಳಿಲ್ಲ.”

ಅವನು ಒಳಗೆ ಬಂದ. ಮಾಸ್ಕಿನ ಹತ್ತಿರ ಮುಖ ತಂದು ನೋಡಿದ. ಎಡಗಡೆಯ ಕೊಳವೆ ಮೊಳೆಯ ತಲೆಗೆ ತಾಗಿ ಮಡಚಿಕೊಂಡಿತ್ತು. ಅವನು ಅದನ್ನು ಎತ್ತಿ ಬಿಡಿಸಿದ. ಬಿಟ್ಟ ಕೂಡಲೇ ಅದು ಮತ್ತೆ ಮಡಚಿಕೊಂಡಿತು.

“ಇಲ್ಲಿ ತೂಗುಹಾಕಿದರೆ ವಾರದಲ್ಲಿ ಹರಿಯುತ್ತೆ,” ಎಂದ. “ಇದಕ್ಕೆ ಮೊಳೆ ಸಾಲದು. ಮರದ ಗೂಟ ಬೇಕು, ದಪ್ಪಂದು.”

“ಸುತ್ತಿಗೆ ಎಲ್ಲಿಟ್ಟಿದ್ದೀಯ?” ಎಂದೆ.

ಅವನಿಗೆ ಕೇಳಿಸಲಿಲ್ಲ. ನಾನು ಅವನ ಎಡಕ್ಕೆ ನಿಂತಿದ್ದೆ. ಬಲಕ್ಕೆ ಹೋಗಿ ಮತ್ತೆ ಕೇಳಲಿಲ್ಲ. ಹಗ್ಗದ ಡಬ್ಬಿಯ ತಳದಲ್ಲಿ ಕೈಯಾಡಿಸಿ ನಾನೇ ಸುತ್ತಿಗೆ ಹುಡುಕಿ ತೆಗೆದೆ. ಹಳೇ ಮೊಳೆಯನ್ನು ಹಲಗೆಯಿಂದ ಕಿತ್ತು ಅವನ ಕೈಗೆ ಕೊಟ್ಟು, ಗೂಟಕ್ಕೆ ಜಾಗ ಅಳೆಯತೊಡಗಿದೆ.